ಸ್ತ್ರೀಯರ ಪರಸ್ಪರ ಪ್ರೇಮದ ಕಥನವೂ ವಾಚಕರ ಅಭಿಪ್ರಾಯಭೇದವೂ

೧

ಒಂದು ಗ್ರಂಥವು ಪ್ರಕಟವಾದೊಡನೆ ಅದರ ವಿಷಯದಲ್ಲಿ ವಾಚಕರು ಎರಡು ಪಕ್ಷವಾಗುವುದು ಸಾಹಿತ್ಯಲೋಕದಲ್ಲಿ ಹೊಸ ಸಂಗತಿಯೇನೂ ಅಲ್ಲ. ಒಬ್ಬರು ಮೆಚ್ಚಿದುದನ್ನು ಮತ್ತೊಬ್ಬರು ಹಳಿದಾಗ, ಇಬ್ಬರೂ ಒಂದೇ ಪ್ರಶ್ನೆಗೆ ಭಿನ್ನವಾದ ಉತ್ತರಗಳನ್ನು ಕೊಡುತ್ತಿರುವರೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಇಬ್ಬರು ಸ್ತ್ರೀಯರ ಪ್ರೇಮವನ್ನು ವಸ್ತುವಾಗಿ ಉಳ್ಳ ಕಾದಂಬರಿಗಳ ವಿಷಯದಲ್ಲಿ ಈ ಎಣಿಕೆ ಬಹುಮಟ್ಟಿಗೆ ತಪ್ಪು. ಅಲ್ಲಿ ವಾದಿಪ್ರತಿವಾದಿಗಳು ಅನೇಕ ವೇಳೆ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿರುತ್ತಾರೆ. ಒಬ್ಬರು ‘ಇಂಥದನ್ನು ಅಚ್ಚುಮಾಡಬಹುದೆ?’ ಎಂದು ಕೇಳುತ್ತಾರೆ. ಮತ್ತೊಬ್ಬರು ‘ಇದು ಚೆನ್ನಾಗಿ ಬರೆದ ಕಥೆಯೆ?’ ಎಂದು, ಮೂರನೆಯವರು ‘ಇದು ನಿಜವಾದ ಬಾಳನ್ನು ಹೇಳುತ್ತಿದೆಯೆ?’ ಎಂದು, ನಾಲ್ಕನೆಯವರು ‘ಇದರ ಮುಕ್ತಾಯ ನ್ಯಾಯವಾದುದೆ?’ ಎಂದು. ಈ ನಾಲ್ಕನ್ನೂ ಬಿಡಿಸಿ ನೋಡದಿದ್ದರೆ ಚರ್ಚೆ ಗದ್ದಲವಾಗುವುದೇ ಹೊರತು ವಿಮರ್ಶೆಯಾಗದು.

ಬೋಧಕರಿಗೆ ಇದು ಬರಿಯ ತತ್ತ್ವವಿಚಾರವಲ್ಲ. ಬೆಂಗಳೂರಿನ ಪಡುವಣ ಭಾಗವನ್ನೇ ನೋಡಿರಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಎಷ್ಟೋ ವಿದ್ಯಾಶಾಲೆಗಳಿವೆ. ಕೆಂಗೇರಿಯ ಕಡೆಗೆ ಹೋಗುವಾಗ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿಯ ಆವರಣ ಸಿಕ್ಕುತ್ತದೆ. ಇಲ್ಲಿಯ ತರಗತಿಯೊಂದರಲ್ಲಿ ಇಂಥ ಕಥೆಯ ಮಾತು ಬಂದಿತೆನ್ನೋಣ. ಅಧ್ಯಾಪಕರು ಒಂದು ನಗೆಯಿಂದ ಅದನ್ನು ತಳ್ಳಿಹಾಕಬಹುದು; ಒಂದು ಬಿರುನುಡಿಯಿಂದ ಮುಚ್ಚಿಹಾಕಬಹುದು. ಆದರೆ ಆ ಕಥೆ ತನ್ನದೇ ಕಥೆಯೆಂದು ಬಲ್ಲ ವಿದ್ಯಾರ್ಥಿನಿಯೊಬ್ಬಳು ಹಿಂದಿನ ಸಾಲಿನಲ್ಲಿ ಕುಳಿತಿರಬಹುದು. ಅವಳು ಆ ದಿನ ಸಾಹಿತ್ಯದ ವಿಷಯವಾಗಿ ಏನನ್ನು ಕಲಿತು ಮನೆಗೆ ಹೋಗುವಳೆಂಬುದು ಅಧ್ಯಾಪಕರ ನಾಲಗೆಯನ್ನು ಅವಲಂಬಿಸಿದೆ.

೨

ಮೊದಲು ನಮ್ಮ ಕಾವ್ಯಶಾಸ್ತ್ರವನ್ನು ನೋಡೋಣ. ಆಕ್ಷೇಪಣೆಯನ್ನು ಶಾಸ್ತ್ರದ ಮಾತಿನಲ್ಲಿ ಹೇಳುವವರಿಗೆ ಸಿದ್ಧವಾಗಿರುವ ಆಯುಧ ಔಚಿತ್ಯವಿಚಾರ. ರಸಭಂಗಕ್ಕೆ ಅನೌಚಿತ್ಯವೊಂದೇ ಕಾರಣವೆಂಬುದು ಆನಂದವರ್ಧನನ ಸಿದ್ಧಾಂತ. ಅನುಚಿತವಾದ ಆಶ್ರಯದಲ್ಲಿ ಮೂಡಿದ ರತಿಯು ಶೃಂಗಾರವಲ್ಲ, ಶೃಂಗಾರಾಭಾಸವೆಂದು ಅನಂತರದ ಆಲಂಕಾರಿಕರು ವಿಸ್ತರಿಸಿದರು. ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಇದಕ್ಕೆ ಒಂದು ಪಟ್ಟಿಯೇ ಇದೆ: ಉಪನಾಯಕನಲ್ಲಿ ಇಟ್ಟ ಪ್ರೇಮ, ಮುನಿಪತ್ನಿ ಗುರುಪತ್ನಿಯರಲ್ಲಿ ಇಟ್ಟ ಪ್ರೇಮ, ಅನೇಕ ನಾಯಕರಲ್ಲಿ ಹರಡಿದ ಪ್ರೇಮ, ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇರುವ ಪ್ರೇಮ, ಪ್ರತಿನಾಯಕನ ಪ್ರೇಮ, ಅಧಮಪಾತ್ರಗಳ ಮತ್ತು ಪಶುಪಕ್ಷಿಗಳ ಪ್ರೇಮ.

ಈ ಪಟ್ಟಿಯಲ್ಲಿ ಇಬ್ಬರು ಸ್ತ್ರೀಯರ ಪ್ರೇಮದ ಹೆಸರಿಲ್ಲ. ಹೆಸರಿಲ್ಲವೆಂಬುದರಿಂದ ಶಾಸ್ತ್ರದ ಸಮ್ಮತಿ ಇದೆಯೆಂದು ಹೇಳಹೊರಡುವುದು ದುಡುಕು. ಆಲಂಕಾರಿಕರ ಕಣ್ಣ ಮುಂದೆ ಇದ್ದುದು ನಾಯಕ-ನಾಯಿಕಾ ಎಂಬ ಜೋಡಿಯೇ. ಆದರೆ ಪಟ್ಟಿಯ ಒಳಗಿನ ತರ್ಕವನ್ನು ಗಮನಿಸಬೇಕು. ಅಲ್ಲಿ ಎರಡು ಬಗೆಯ ದೋಷಗಳು ಬೆರೆತಿವೆ. ಗುರುಪತ್ನಿಯ ವಿಷಯದಲ್ಲಿ ದೋಷ ಲೋಕಮರ್ಯಾದೆಯದು; ಒಬ್ಬರಿಗೆ ಮಾತ್ರ ಇರುವ ಪ್ರೇಮದಲ್ಲಿ ದೋಷ ಭಾವದ ಅಪೂರ್ಣತೆಯದು. ಮೊದಲನೆಯದು ದೇಶಕಾಲಗಳೊಡನೆ ಬದಲಾಗುವುದು. ಎರಡನೆಯದು ಕಾವ್ಯದ ಒಡಲಿಗೇ ಸೇರಿದುದು. ಆದುದರಿಂದ ಒಂದು ಕಥನವನ್ನು ರಸಾಭಾಸವೆನ್ನುವವರು ಈ ಎರಡರಲ್ಲಿ ಯಾವುದನ್ನು ಹೇಳುತ್ತಿರುವರೆಂಬುದನ್ನು ಸ್ಪಷ್ಟಪಡಿಸಬೇಕು.

ಲೋಕಮರ್ಯಾದೆಗೆ ಒಪ್ಪದ ಪ್ರೇಮವೂ ಕಾವ್ಯದಲ್ಲಿ ಮನಸ್ಸನ್ನು ಹಿಡಿಯಬಲ್ಲುದೆಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ೧೨೦೯ರಲ್ಲಿ ರಚಿತವಾದ ಜನ್ನನ ಯಶೋಧರಚರಿತೆಯಲ್ಲಿ ಅರಸಿಯಾದ ಅಮೃತಮತಿಯು ರಾತ್ರಿಯ ಹೊತ್ತು ಕೇಳಿಬಂದ ಹಾಡಿಗೆ ಮನಸೋತು, ಕುರೂಪಿಯಾದ ಮಾವುತನಿಗೆ ಒಲಿಯುತ್ತಾಳೆ. ಕಾವ್ಯದ ಧರ್ಮದೃಷ್ಟಿ ಅವಳನ್ನು ಖಂಡಿಸುತ್ತದೆ. ಆದರೂ ಆ ಪ್ರಕರಣವನ್ನು ಓದಿದವರು ಖಂಡನೆಯಷ್ಟರಲ್ಲೇ ನಿಲ್ಲಲಾರರು. ಒಲವು ಎಲ್ಲಿ ಹೇಗೆ ಹುಟ್ಟುವುದೆಂಬ ಕೌತುಕ ಅವರನ್ನು ಬೆನ್ನಟ್ಟುವುದು. ಗಿರೀಶ ಕಾರ್ನಾಡರು ಇದೇ ವಸ್ತುವನ್ನು ೧೯೮೦ರ ‘ಹಿಟ್ಟಿನ ಹುಂಜ’ದಲ್ಲಿ ಮತ್ತೆ ಕೈಗೆತ್ತಿಕೊಂಡುದೇ ಈ ಪ್ರಶ್ನೆ ಮುಗಿದಿಲ್ಲವೆಂಬುದಕ್ಕೆ ಸಾಕ್ಷಿ. ಕವಿ ಖಂಡಿಸಿದುದನ್ನು ವಾಚಕನು ಮರುಗಿ ನೋಡುವುದು ನಮ್ಮಲ್ಲಿ ಹೊಸ ರೂಢಿಯಲ್ಲ.

೩

ಎರಡನೆಯ ನಿದರ್ಶನ ಕನ್ನಡ ನಾಡಿನಲ್ಲಿ ಹುಟ್ಟಿದ ಒಬ್ಬ ವಾಚಕಿಯದು. ನಂಜನಗೂಡಿನಲ್ಲಿ ೧೮೭೮ರಲ್ಲಿ ಜನಿಸಿ, ಬೆಂಗಳೂರಿನ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿ, ಮದರಾಸಿನಲ್ಲಿ ಸಂಗೀತದಿಂದ ಕೀರ್ತಿವಡೆದ ಬೆಂಗಳೂರು ನಾಗರತ್ನಮ್ಮನವರು, ಹದಿನೆಂಟನೆಯ ಶತಮಾನದ ತಂಜಾವೂರಿನ ಆಸ್ಥಾನದ ಮುದ್ದುಪಳನಿಯು ತೆಲುಗಿನಲ್ಲಿ ರಚಿಸಿದ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರಪ್ರಬಂಧವನ್ನು ಪರಿಷ್ಕರಿಸಿ ೧೯೧೦ರಲ್ಲಿ ಪ್ರಕಟಿಸಿದರು. ಮೊದಲು ಅಚ್ಚಾಗಿದ್ದ ಪ್ರತಿಯಲ್ಲಿ ಕೆಲವು ಪದ್ಯಗಳನ್ನು ಬಿಟ್ಟಿದ್ದರು. ಹಸ್ತಪ್ರತಿಯೊಡನೆ ಹೋಲಿಸಿ ಅವನ್ನು ಸೇರಿಸಿದುದು ನಾಗರತ್ನಮ್ಮನವರ ಕೆಲಸ.

ಇದು ಇಬ್ಬರು ಸ್ತ್ರೀಯರ ಪ್ರೇಮದ ಕಥೆಯಲ್ಲ. ತಾನೇ ಬೆಳೆಸಿದ ಇಳೆಯೆಂಬ ಹುಡುಗಿಯನ್ನು ಕೃಷ್ಣನಿಗೆ ಒಪ್ಪಿಸಿದ ರಾಧೆ ಬಳಿಕ ಅಸೂಯೆಯಿಂದ ಬೇಯುವುದೂ, ಕೃಷ್ಣನು ಅವಳನ್ನು ಸಮಾಧಾನಪಡಿಸುವುದೂ ಇದರ ವಸ್ತು. ಆದರೆ ಇದರ ಸುತ್ತ ನಡೆದ ವಿವಾದ ನಮ್ಮ ವಿಷಯಕ್ಕೆ ಬಹು ಸಮೀಪದ್ದು. ಆಂಧ್ರದ ಸುಪ್ರಸಿದ್ಧ ಸುಧಾರಕರಾದ ಕಂದುಕೂರಿ ವೀರೇಶಲಿಂಗಂ ಪಂತುಲುಗಳು, ಸ್ತ್ರೀಯರು ಕೇಳಲೂ ಬಾರದ ಮಾತುಗಳು ಸ್ತ್ರೀಯೊಬ್ಬಳ ಬಾಯಿಂದ ಬಂದಿವೆಯೆಂದು ಆ ಕವಯಿತ್ರಿಯನ್ನು ಹಳಿದಿದ್ದರು. ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರ ಸಲ್ಲುವ ಗುಣವೆ, ಗಂಡಸರು ಇದಕ್ಕಿಂತ ಹೆಚ್ಚಾಗಿ ವರ್ಣಿಸಿದಾಗ ಆಕ್ಷೇಪವೇಕಿಲ್ಲ ಎಂಬುದು ನಾಗರತ್ನಮ್ಮನವರು ಕೊಟ್ಟ ಉತ್ತರದ ತಿರುಳು. ಆಳುವ ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ನಿಷೇಧಿಸಿತು. ನಿಷೇಧ ತೊಲಗಿದುದು ೧೯೪೭ರಲ್ಲಿ.

ಇಲ್ಲಿ ಭೇದದ ಮೂಲವನ್ನು ನೋಡಿರಿ. ಪದ್ಯಗಳು ಎರಡು ಪಕ್ಷಕ್ಕೂ ಅವೇ. ಪಂತುಲುಗಳಿಗೆ ಅಡ್ಡಿಯಾದುದು ಆಡಿದ ಮಾತಿಗಿಂತ ಆಡಿದವರು ಯಾರೆಂಬುದು. ಸ್ತ್ರೀಯು ಶೃಂಗಾರದ ವಸ್ತುವಾಗಿ ವರ್ಣಿತಳಾದರೆ ಅದು ಪರಂಪರೆ; ಅವಳೇ ತನ್ನ ಬಯಕೆಯನ್ನು ನುಡಿದರೆ ಅದು ಅಶ್ಲೀಲ. ಇಬ್ಬರು ಸ್ತ್ರೀಯರ ಪ್ರೇಮದ ಕಾದಂಬರಿಯಲ್ಲಿ ಬಯಸುವವಳೂ ಬಯಸಲ್ಪಟ್ಟವಳೂ ಸ್ತ್ರೀಯೇ ಆಗಿರುವುದರಿಂದ ಈ ಅಡ್ಡಿ ಅಲ್ಲಿ ಇಮ್ಮಡಿಯಾಗುವುದು.

೪

ಈ ಬಗೆಯ ಕಾದಂಬರಿಗಳಲ್ಲಿ ಅತ್ಯಂತ ಹೆಚ್ಚು ಚರ್ಚೆಗೆ ಒಳಗಾದುದು ರಾಡ್‌ಕ್ಲಿಫ್ ಹಾಲ್ ಎಂಬ ಆಂಗ್ಲ ಲೇಖಕಿಯ ‘ದಿ ವೆಲ್ ಆಫ್ ಲೋನ್ಲಿನೆಸ್’. ಅದು ೧೯೨೮ರ ಜುಲೈ ತಿಂಗಳಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಸ್ಟೀಫನ್ ಗಾರ್ಡನ್ ಎಂಬ ಗಂಡುಹೆಸರನ್ನು ಹೊತ್ತ ಸಿರಿವಂತರ ಮಗಳು ಮೇರಿ ಎಂಬ ತರುಣಿಯನ್ನು ಪ್ರೀತಿಸುತ್ತಾಳೆ. ಲೋಕದ ತಿರಸ್ಕಾರದಲ್ಲಿ ಮೇರಿ ಬಾಡುವುದನ್ನು ಕಂಡು, ತಾನು ಅನ್ಯಳಲ್ಲಿ ಅನುರಕ್ತಳೆಂದು ನಟಿಸಿ, ಅವಳನ್ನು ಒಬ್ಬ ಪುರುಷನ ಕಡೆಗೆ ತಳ್ಳಿಬಿಡುತ್ತಾಳೆ. ಗ್ರಂಥದಲ್ಲಿ ಕಾಮವರ್ಣನೆಯೆಂಬುದು ಇಲ್ಲವೆಂದೇ ಹೇಳಬಹುದು. ಆದರೂ ಪತ್ರಿಕೆಯೊಂದರ ಸಂಪಾದಕನು, ಆರೋಗ್ಯವಂತ ಮಕ್ಕಳಿಗೆ ಈ ಪುಸ್ತಕಕ್ಕಿಂತ ವಿಷವನ್ನು ಕೊಡುವುದು ಮೇಲೆಂಬ ಅರ್ಥದಲ್ಲಿ ಬರೆದನು. ಮೊಕದ್ದಮೆ ನಡೆಯಿತು. ಸಾಕ್ಷ್ಯ ಹೇಳಲು ಬಂದಿದ್ದ ಸಾಹಿತಿಗಳ ಮತ್ತು ಇತರ ಗಣ್ಯರ ಮಾತನ್ನು ಕೇಳಲು ನ್ಯಾಯಾಧಿಪತಿ ಚಾರ್ಟ್ರೆಸ್ ಬೈರನ್ ಒಪ್ಪಲಿಲ್ಲ. ಅದೇ ವರ್ಷದ ನವೆಂಬರ್ ೧೬ರಂದು ಪುಸ್ತಕದ ಪ್ರತಿಗಳನ್ನು ನಾಶಪಡಿಸಬೇಕೆಂದು ತೀರ್ಪಾಯಿತು.

ತೀರ್ಪಿನಲ್ಲಿ ಎರಡು ಅಂಶಗಳು ಮುಖ್ಯವಾದುವು. ಒಂದು, ಬರೆವಣಿಗೆ ಚೆನ್ನಾಗಿದೆಯೆಂಬುದು ಸಮರ್ಥನೆಯಾಗದು. ಚೆನ್ನಾಗಿ ಬರೆದ ಅಶ್ಲೀಲ ಗ್ರಂಥವು ಹೆಚ್ಚು ಓದುಗರನ್ನು ಮುಟ್ಟಬಹುದು. ಎರಡು, ಈ ಪಾತ್ರಗಳ ನಡತೆಯನ್ನು ಗ್ರಂಥದಲ್ಲಿ ಎಲ್ಲಿಯೂ ನಿಂದಿಸಿಲ್ಲ. ಎರಡನೆಯದೇ ಒಳಗಿನ ಕಾರಣವೆಂಬುದನ್ನು ತೋರಿಸಲು ಒಂದು ಸಂಗತಿ ಸಾಕು. ಅದೇ ವರ್ಷ ಕಾಂಪ್ಟನ್ ಮೆಕೆಂಜಿಯು ಇಂಥ ಸ್ತ್ರೀಯರನ್ನೇ ಕುರಿತು ‘ಎಕ್ಸ್‌ಟ್ರಾರ್ಡಿನರಿ ವಿಮೆನ್’ ಎಂಬ ಹಾಸ್ಯಕಥೆಯನ್ನು ಪ್ರಕಟಿಸಿದನು. ಅದನ್ನು ಯಾವ ನ್ಯಾಯಾಲಯವೂ ಕರೆಯಲಿಲ್ಲ. ನಗಬಹುದು, ಮರುಗಬಾರದು ಎಂದಾಯಿತು. ಇನ್ನೂ ಒಂದು ವಿಚಿತ್ರವುಂಟು. ಸ್ತ್ರೀಯರ ನಡುವಣ ಸಂಬಂಧವನ್ನು ಅಪರಾಧವಾಗಿಸಬೇಕೆಂಬ ಸೂಚನೆಯನ್ನು ೧೯೨೧ರಲ್ಲಿ ಅಲ್ಲಿಯ ಪ್ರಭುಸಭೆಯು ತಳ್ಳಿಹಾಕಿತ್ತು. ಕಾನೂನು ಮಾಡಿದರೆ ತಿಳಿಯದ ಹೆಂಗಸರಿಗೂ ವಿಷಯ ತಿಳಿದುಬಿಡುವುದೆಂಬ ಭಯ ಅದರ ಒಂದು ಕಾರಣ. ಹೆಸರನ್ನು ಹೇಳಲು ಹೆದರಿದ ಸಮಾಜ, ಏಳು ವರ್ಷಗಳ ಮೇಲೆ ಹೆಸರು ಹೇಳಿದ ಪುಸ್ತಕವನ್ನು ಸುಟ್ಟಿತು.

ಗ್ರಂಥದ ಪಕ್ಷದವರಲ್ಲಿಯೂ ಏಕಾಭಿಪ್ರಾಯವಿರಲಿಲ್ಲವೆಂಬುದು ವಿಮರ್ಶಕರಿಗೆ ಇನ್ನೂ ಮುಖ್ಯ. ಇ. ಎಂ. ಫಾರ್ಸ್ಟರ್ ಮತ್ತು ವರ್ಜೀನಿಯಾ ವುಲ್ಫ್ ಇಬ್ಬರೂ ಪ್ರಕಟನೆಯ ಸ್ವಾತಂತ್ರ್ಯಕ್ಕಾಗಿ ಬಹಿರಂಗವಾಗಿ ನಿಂತರು. ಆದರೆ ಕಾದಂಬರಿಯ ಕಲಾಗುಣವನ್ನು ಇಬ್ಬರೂ ಹೆಚ್ಚಾಗಿ ಎಣಿಸಿರಲಿಲ್ಲ. ವುಲ್ಫ್ ಅವರಿಗೆ ಅದು ನೀರಸವೆನಿಸಿತ್ತು. ತಮ್ಮ ಪರವಾದ ಪತ್ರದಲ್ಲಿ ಕೃತಿಯ ಶ್ರೇಷ್ಠತೆಯನ್ನೂ ಹೇಳಬೇಕೆಂದು ಹಾಲ್ ಹಟಹಿಡಿದರು. ಹೇಳಲು ಇವರು ಹಿಂಜರಿದರು. ಅಚ್ಚಿನ ಹಕ್ಕೂ ಕಲೆಯ ಬೆಲೆಯೂ ಬೇರೆ ಬೇರೆ ಎಂಬುದು ಇವರಿಗೆ ಗೊತ್ತಿತ್ತು. ಆದರೆ ಹಾಲ್ ಅವರ ಹಟದಲ್ಲಿಯೂ ಒಂದು ನ್ಯಾಯವಿತ್ತು: ‘ಬದುಕಲು ಬಿಡಿ’ ಎಂಬ ಕನಿಕರ ಲೇಖಕಿಗೆ ಸಾಲದು, ‘ಓದಿ ನೋಡಿ’ ಎಂಬ ಗೌರವ ಬೇಕು.

೫

ಭಾರತದಲ್ಲಿ ಇದಕ್ಕೆ ಸಮನಾದ ಪ್ರಕರಣ ಉರ್ದು ಲೇಖಕಿ ಇಸ್ಮತ್ ಚುಗ್ತಾಯಿಯವರ ‘ಲಿಹಾಫ್’ ಎಂಬ ಸಣ್ಣ ಕಥೆಯದು. ಅದು ೧೯೪೨ರಲ್ಲಿ ಲಾಹೋರಿನ ‘ಅದಬೆ ಲತೀಫ್’ ಪತ್ರಿಕೆಯಲ್ಲಿ ಬಂದಿತು. ಗಂಡನಾದ ನವಾಬನು ಕಣ್ಣೆತ್ತಿಯೂ ನೋಡದ ಬೇಗಂ ಜಾನಳಿಗೂ ಅವಳ ಸೇವಕಿ ರಬ್ಬೂವಿಗೂ ನಡುವಣ ಸಂಬಂಧವನ್ನು, ಅದನ್ನು ಅರ್ಥಮಾಡಿಕೊಳ್ಳಲಾರದ ಹುಡುಗಿಯ ಕಣ್ಣಿನಿಂದ ಹೇಳಿರುವ ಕಥೆ. ಅಶ್ಲೀಲತೆಯ ಆಪಾದನೆಯ ಮೇಲೆ ಲೇಖಕಿಯು ಲಾಹೋರಿನ ನ್ಯಾಯಾಲಯದಲ್ಲಿ ನಿಲ್ಲಬೇಕಾಯಿತು. ಅವರ ಆತ್ಮಕಥನದ ಪ್ರಕಾರ, ಅಶ್ಲೀಲವಾದ ಶಬ್ದವನ್ನು ತೋರಿಸೆಂದು ವಕೀಲರು ಕೇಳಿದಾಗ ಸಾಕ್ಷಿಗೆ ಸಿಕ್ಕಿದುದು ‘ಪ್ರೇಮಿ’ ಎಂಬರ್ಥದ ಒಂದೇ ಮಾತು. ಮೊಕದ್ದಮೆ ಬಿದ್ದುಹೋಯಿತು.

ಈ ಕಥೆಯ ವಿಷಯದಲ್ಲಿ ಇಂದಿಗೂ ವಾಚಕರು ಒಮ್ಮತರಲ್ಲ. ಸ್ತ್ರೀಯರ ಪ್ರೇಮವನ್ನು ಧೈರ್ಯವಾಗಿ ಹೇಳಿದ ಮೊದಲ ಕಥೆಗಳಲ್ಲಿ ಇದೊಂದೆಂದು ಕೆಲವರು ಕೊಂಡಾಡುವರು. ಬೇಗಮಳ ಒಲವನ್ನು ಗಂಡನ ಉಪೇಕ್ಷೆಯ ಫಲವಾಗಿ ತೋರಿಸಿರುವುದರಿಂದ ಅದು ಸ್ವತಂತ್ರವಾದ ಪ್ರೇಮವಲ್ಲ, ಕೊರತೆಯನ್ನು ತುಂಬಿಕೊಂಡ ಬಗೆಯಷ್ಟೆ ಎಂದು ಮತ್ತೆ ಕೆಲವರು. ಹುಡುಗಿಯ ಭಯದ ಮೂಲಕ ಕಂಡುದರಿಂದ ಆ ಪ್ರೇಮಕ್ಕೆ ಒಂದು ಭೀಕರ ನೆರಳು ಹತ್ತಿದೆಯೆಂದು ಇನ್ನು ಕೆಲವರು. ಈ ಆಕ್ಷೇಪಗಳಲ್ಲಿ ಯಾವುದೂ ನೀತಿಯದಲ್ಲ. ಎಲ್ಲವೂ ಕಥನದ ಕಟ್ಟಡಕ್ಕೆ ಸೇರಿದುವು. ತರಗತಿಯಲ್ಲಿ ನಡೆಯಬೇಕಾದ ಚರ್ಚೆ ಇಂಥದು.

ಇನ್ನೊಬ್ಬ ವಾಚಕಿಯ ಅಭಿಪ್ರಾಯವನ್ನೂ ಲೇಖಕಿಯೇ ದಾಖಲಿಸಿದ್ದಾರೆ. ಕಥೆಗೆ ಮೂಲವಾಗಿದ್ದ ಬೇಗಮಳನ್ನು ಎಷ್ಟೋ ವರ್ಷಗಳ ಮೇಲೆ ಅಂಜುತ್ತ ಕಂಡಾಗ, ಆಕೆ ಮುನಿಯುವ ಬದಲು ಆದರದಿಂದ ಬರಮಾಡಿಕೊಂಡಳು. ನವಾಬನನ್ನು ಬಿಟ್ಟು ಮರುಮದುವೆಯಾಗಿ ಮಗನನ್ನು ಪಡೆದಿದ್ದಳು. ನ್ಯಾಯಾಲಯದಲ್ಲಿ ಆಕೆಯನ್ನು ಯಾರೂ ಕೇಳಿರಲಿಲ್ಲ.

೬

ಮುಕ್ತಾಯದ ಪ್ರಶ್ನೆ ಪ್ರೇಮಕಥೆಗೆ ಪ್ರಾಣಪ್ರಶ್ನೆ. ಹಾಲ್ ಅವರ ಕಾದಂಬರಿ ತ್ಯಾಗದಲ್ಲಿಯೂ ಪ್ರಾರ್ಥನೆಯಲ್ಲಿಯೂ ಮುಗಿಯುವುದು. ತಾವು ಒಂಟಿಯಲ್ಲವೆಂದು ಅದರಿಂದ ಧೈರ್ಯಗೊಂಡ ವಾಚಕಿಯರು ಅನೇಕರು. ಇಂಥ ಬಾಳಿಗೆ ದುಃಖವೊಂದೇ ಗತಿಯೆಂದು ಅದರಿಂದಲೇ ನಂಬಿ ಕುಗ್ಗಿದವರೂ ಉಂಟು. ಲೇಖಕಿ ಜೇನ್ ರೂಲ್ ೧೯೭೫ರ ತಮ್ಮ ವಿಮರ್ಶಾಗ್ರಂಥದಲ್ಲಿ, ಈ ಬಗೆಯ ವಾಚಕಿಯರಿಗೆ ಆ ಕಾದಂಬರಿ ವೇದಗ್ರಂಥದಂತಾಗಿದ್ದುದನ್ನೂ ಅದು ಬಿತ್ತಿದ ಕೀಳರಿಮೆಯನ್ನೂ ಒಟ್ಟಿಗೆ ವಿಚಾರಿಸಿದರು. ಹೊರಗಿನವರ ನಿಂದೆಗಿಂತ ಒಳಗಿನವರ ಈ ಅಸಮಾಧಾನ ಹೆಚ್ಚು ತೂಕದ್ದು.

ಇದಕ್ಕೆ ಇದಿರಾದುದು ಪೆಟ್ರಿಷಿಯಾ ಹೈಸ್ಮಿತ್ ೧೯೫೨ರಲ್ಲಿ ಕ್ಲೇರ್ ಮಾರ್ಗನ್ ಎಂಬ ಸುಳ್ಳುಹೆಸರಿನಿಂದ ಅಮೆರಿಕೆಯಲ್ಲಿ ಪ್ರಕಟಿಸಿದ ‘ದಿ ಪ್ರೈಸ್ ಆಫ್ ಸಾಲ್ಟ್’. ಅದರಲ್ಲಿ ಇಬ್ಬರು ಸ್ತ್ರೀಯರೂ ಸಾಯುವುದಿಲ್ಲ, ಅಗಲುವುದೂ ಇಲ್ಲ. ಒಟ್ಟಿಗೆ ಬಾಳುವ ಆಸೆಯಲ್ಲಿ ಕಥೆ ನಿಲ್ಲುತ್ತದೆ. ಅದಕ್ಕಾಗಿಯೇ ಕೃತಜ್ಞತೆಯ ಪತ್ರಗಳು ಮೂಟೆಮೂಟೆಯಾಗಿ ಬಂದುವೆಂದು ಹೈಸ್ಮಿತ್ ಮುಂದೆ ಬರೆದರು. ನಿಜಹೆಸರಿನಿಂದ ಅದು ಆಂಗ್ಲ ದೇಶದಲ್ಲಿ ಮರುಮುದ್ರಣವಾದುದು ೧೯೯೦ರಲ್ಲಿ. ಸುಖಾಂತವೆಂಬುದು ಅಗ್ಗದ ರಂಜನೆಯೆಂದು ಹೇಳುವ ವಿಮರ್ಶಕರು ಇಲ್ಲಿ ತಡೆದು ಯೋಚಿಸಬೇಕು. ನಾಯಕನೂ ನಾಯಿಕೆಯೂ ಕೂಡುವ ಕಥೆಗಳು ಸಾವಿರವಿರುವಲ್ಲಿ ಇನ್ನೊಂದು ಸುಖಾಂತ ಅಗ್ಗವಾಗಬಹುದು. ಒಂದೂ ಇಲ್ಲದ ಕಡೆ ಮೊದಲ ಸುಖಾಂತವು ಜ್ಞಾನವೇ ಸರಿ.

ನೆರೆಯ ಮಲಯಾಳದಲ್ಲಿಯೂ ಈ ವಸ್ತು ಬಹುಕಾಲದಿಂದ ಬೆಳೆದಿದೆ. ವಿ. ಟಿ. ನಂದಕುಮಾರರ ‘ರಂಡು ಪೆಣ್‌ಕುಟ್ಟಿಗಳ್’ ೧೯೭೪ರಲ್ಲಿ ಬಂದು, ೧೯೭೮ರಲ್ಲಿ ಚಲಚ್ಚಿತ್ರವಾಯಿತು. ಮಾಧವಿಕ್ಕುಟ್ಟಿ ಎಂದು ಖ್ಯಾತರಾದ ಕಮಲಾ ದಾಸ್ ಅವರ ‘ಚಂದನಮರಂಗಳ್’ ೧೯೮೮ರಲ್ಲಿ ಬಂದಿತು. ತೌಲನಿಕ ಅಧ್ಯಯನಕ್ಕೆ ಆಸಕ್ತರಾದ ಕನ್ನಡ ಬೋಧಕರಿಗೆ ಇವು ಕೈಗೆಟಕುವ ದೂರದಲ್ಲಿಯೇ ಇವೆ.

೭

ಕನ್ನಡದಲ್ಲಿ ಈ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಎಬ್ಬಿಸಿದ ಕೃತಿ ವಸುಧೇಂದ್ರರ ‘ಮೋಹನಸ್ವಾಮಿ’. ಛಂದ ಪುಸ್ತಕದಿಂದ ೨೦೧೩ರಲ್ಲಿ ಹೊರಬಂದ ಈ ಕಥಾಸಂಗ್ರಹದಲ್ಲಿರುವುದು ಪುರುಷರ ನಡುವಣ ಪ್ರೇಮ, ಸ್ತ್ರೀಯರದಲ್ಲ. ಆದರೆ ವಾಚಕರ ಮುಂದೆ ಅದು ಇಟ್ಟ ಸಮಸ್ಯೆ ಅದೇ. ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಎಂಬ ಪ್ರಬಂಧಗಳಿಂದ ಮನೆಮನೆಯ ಲೇಖಕರಾಗಿದ್ದವರು ಈ ವಸ್ತುವನ್ನು ಎತ್ತಿಕೊಂಡಾಗ, ಲೇಖಕರ ಮೇಲಣ ಪ್ರೀತಿಗೂ ವಸ್ತುವಿನ ಮೇಲಣ ಸಂಕೋಚಕ್ಕೂ ನಡುವೆ ಓದುಗರು ಸಿಕ್ಕಿಕೊಂಡರು. ‘ಕಗ್ಗಂಟು’ ಕಥೆಯಲ್ಲಿ ಸಂಗಾತಿಯಾದ ಕಾರ್ತಿಕನು ಮದುವೆಗೆ ಹೊರಟಾಗ ಮೋಹನಸ್ವಾಮಿಗೆ ಆಗುವ ವೇದನೆ, ಪ್ರೇಮವನ್ನು ಕಳೆದುಕೊಂಡ ಯಾರಿಗೂ ಅಪರಿಚಿತವಾದುದಲ್ಲ. ಕೊನೆಯ ಕಥೆಯಲ್ಲಿ ಅವನು ಕಿಲಿಮಂಜಾರೋ ಪರ್ವತವನ್ನು ಏರುತ್ತಾನೆ. ಮರಣವೂ ಅಲ್ಲದ, ಮದುವೆಯೂ ಅಲ್ಲದ ಮೂರನೆಯ ಬಗೆಯ ಮುಕ್ತಾಯ ಅದು. ಪುಸ್ತಕವನ್ನು ಓದಿ ತಮ್ಮ ಗುಟ್ಟನ್ನು ತೋಡಿಕೊಂಡವರ ಕರೆಗಳನ್ನೂ ಪತ್ರಗಳನ್ನೂ ಕುರಿತು ಲೇಖಕರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ೨೦೧೬ರಲ್ಲಿ ರಶ್ಮಿ ತೇರದಾಳರ ಅನುವಾದದಿಂದ ಅದು ಇಂಗ್ಲಿಷ್ ಓದುಗರನ್ನೂ ಮುಟ್ಟಿತು.

ಪುಸ್ತಕ ಬಂದ ವರ್ಷದ ಡಿಸೆಂಬರ್ ೧೧ರಂದೇ ಸರ್ವೋಚ್ಚ ನ್ಯಾಯಾಲಯವು ದಂಡಸಂಹಿತೆಯ ೩೭೭ನೆಯ ಕಲಮನ್ನು ಎತ್ತಿಹಿಡಿದಿತ್ತು. ೨೦೧೮ರ ಸೆಪ್ಟೆಂಬರ್ ೬ರಂದು ಐವರು ನ್ಯಾಯಾಧೀಶರ ಪೀಠವು, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲವೆಂದು ತೀರ್ಮಾನಿಸಿತು. ಅಶ್ಲೀಲತೆಯ ವಿಚಾರದಲ್ಲಿಯೂ ಅಳತೆಗೋಲು ಬದಲಾಯಿತು: ಎಳೆಯ ದುರ್ಬಲ ಮನಸ್ಸು ಕೆಡುವುದೆ ಎಂದು ಕೇಳುವ ೧೮೬೮ರ ಆಂಗ್ಲ ನಿಯಮವನ್ನು ೧೯೬೪ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಂಗೀಕರಿಸಿತ್ತು, ೨೦೧೪ರಲ್ಲಿ ಅದನ್ನು ಬಿಟ್ಟು, ಕೃತಿಯನ್ನು ಸಮಗ್ರವಾಗಿ ಸಮಕಾಲೀನ ಸಮಾಜದ ಮಟ್ಟದಿಂದ ನೋಡಬೇಕೆಂದಿತು. ಹೀಗೆ ‘ಅಚ್ಚುಮಾಡಬಹುದೆ?’ ಎಂಬ ಮೊದಲ ಪ್ರಶ್ನೆಯ ಬಿಗಿ ಬಹಳಮಟ್ಟಿಗೆ ಸಡಿಲವಾಗಿದೆ. ಉಳಿದ ಮೂರು ಪ್ರಶ್ನೆಗಳು ವಿಮರ್ಶಕರವು. ಅವನ್ನು ಯಾವ ನ್ಯಾಯಾಲಯವೂ ತೀರ್ಮಾನಿಸದು.

೮

ಮೇಲಣ ನಿದರ್ಶನಗಳಿಂದ ಬೋಧಕರಿಗೆ ಒದಗುವ ಸೂತ್ರಗಳು ಎರಡು. ಮೊದಲನೆಯದು: ಆಕ್ಷೇಪ ಬಂದಾಗ, ಅದೇ ಸನ್ನಿವೇಶ ಗಂಡುಹೆಣ್ಣುಗಳ ನಡುವೆ ನಡೆದಿದ್ದರೆ ಆಕ್ಷೇಪ ಉಳಿಯುತ್ತಿತ್ತೆ ಎಂದು ಕೇಳಬೇಕು. ಉಳಿದರೆ ಅದು ಕಲೆಯ ದೋಷ; ಅಳಿದರೆ ದೋಷ ನೋಡುವ ಕಣ್ಣಿನದು. ಎರಡನೆಯದು ಮೊದಲನೆಯದಕ್ಕೆ ಮಿತಿ: ಈ ಪ್ರೇಮವನ್ನು ಉಳಿದ ಎಲ್ಲ ಪ್ರೇಮದಂತೆಯೇ ಎಂದು ತೇಲಿಸಿಬಿಡಬಾರದು. ಗುಟ್ಟು, ಭಯ, ಹೆಸರಿಲ್ಲದಿರುವಿಕೆ ಇವು ಇದರ ಸ್ಥಿತಿಯಲ್ಲಿಯೇ ಸೇರಿವೆ. ಅವನ್ನು ಬಿಟ್ಟರೆ ವಸ್ತುವೇ ಮಸುಕಾಗುವುದು.

ಅಭಿನವಗುಪ್ತನು ಸಹೃದಯನನ್ನು ಕುರಿತು ಹೇಳುವಾಗ, ಕಾವ್ಯಾಭ್ಯಾಸದಿಂದ ತಿಳಿಯಾದ ಮನಸ್ಸೆಂಬ ಕನ್ನಡಿಯನ್ನು ಅವನಿಗೆ ಲಕ್ಷಣವಾಗಿ ಇಟ್ಟನು. ಕನ್ನಡಿ ತನಗೆ ಪರಿಚಿತವಾದ ಮುಖಗಳನ್ನು ಮಾತ್ರ ತೋರಿಸುವುದಿಲ್ಲ. ಅಭಿಪ್ರಾಯಭೇದವನ್ನು ತರಗತಿಯಿಂದ ಹೊರದೂಡುವುದು ನಮ್ಮ ಕರ್ತವ್ಯವಲ್ಲ; ನೀರಸವಾದುದನ್ನು ವಸ್ತುವಿನ ದಾಕ್ಷಿಣ್ಯಕ್ಕಾಗಿ ಹೊಗಳುವುದೂ ಅಲ್ಲ. ಯಾರು ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಯಪಡಿಸಿದರೆ ಸಾಕು. ಆಗ ಕಥೆಯನ್ನು ಮೆಚ್ಚದವನಿಗೂ ತನ್ನ ಮಾತನ್ನು ಆಡಲು ಎಡೆಯಿರುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ಹುಡುಗಿಯೂ ತಲೆ ತಗ್ಗಿಸದೆ ಆ ಚರ್ಚೆಯನ್ನು ಕೇಳಬಲ್ಲಳು.